ಸಾರಿಯಂತೆ, ಸಾರಿಗೆ, ಸಾರಿ ಗಡ

ಪುತ್ತೂರಿನ ಬಸ್ ನಿಲ್ದಾಣದಲ್ಲಿ ಸಂಜೆ ಐದರ ಹೊತ್ತಿಗೆ ಸುಬ್ರಹ್ಮಣ್ಯದ ಕಡೆಗೆ ಹೋಗುವ ಬಸ್ಸು ಹತ್ತುವುದೆಂದರೆ ಅರ್ಧ ಕುಸ್ತಿ. ಕಾಲೇಜು ಬಿಟ್ಟ ಮಕ್ಕಳು, ಸೋಮವಾರವಾದರೆ ಸಂತೆಯ ಚೀಲಗಳು, ಆಸ್ಪತ್ರೆಯಿಂದ ಹೊರಟವರು ಎಲ್ಲರಿಗೂ ಇರುವುದು ಅದೇ ಒಂದು ಬಾಗಿಲು. ಅಂಥ ನೂಕಿನಲ್ಲಿ ಒಬ್ಬ ಹುಡುಗ ಹಿರಿಯರೊಬ್ಬರ ಕಾಲು ತುಳಿದ. ತಿರುಗಿ ನೋಡದೆ 'ಸಾರಿ' ಎಂದು ಒಳಗೆ ನುಗ್ಗಿದ. ಹಿರಿಯರು ಪಕ್ಕದವರ ಮುಖ ನೋಡಿ ತುಳುವಿನಲ್ಲಿ ಒಂದೇ ಒಂದು ಪದ ಹೇಳಿದರು: 'ಸಾರಿಗೆ!' ಪಕ್ಕದವರು ನಕ್ಕರು. ಬಸ್ಸಿನ ಮೈಮೇಲೆ ದೊಡ್ಡ ಅಕ್ಷರಗಳಲ್ಲಿ 'ಕರ್ನಾಟಕ ಸಾರಿಗೆ' ಎಂದು ಬರೆದಿತ್ತು. ಆ ಶ್ಲೇಷೆ ಅವರಿಗೆ ಹೊಳೆದಿತ್ತೋ ಇಲ್ಲವೋ, ನನಗೆ ಮಾತ್ರ ಅಂದಿನಿಂದ ಆ ಬಸ್ಸುಗಳನ್ನು ಕಂಡಾಗಲೆಲ್ಲ ತುಟಿ ಬಿರಿಯುತ್ತದೆ.

ತುಳುವಿನಲ್ಲಿ ಮಾತಿನ ತುದಿಗೆ ಅಂಟುವ 'ಗೆ' ಎಂಬ ಒಂದಕ್ಷರಕ್ಕೆ 'ಅಂತೆ' ಎಂದರ್ಥ. ನಾನು ಕಂಡದ್ದಲ್ಲ, ಕೇಳಿದ್ದು ಎಂದು ಅದು ಸಾರುತ್ತದೆ. ಕಿವಿಯಾರೆ ಕೇಳಿದ ಮಾತಿಗೇ ಅದನ್ನು ಅಂಟಿಸಿದರೆ ಅರ್ಥ ಮಗುಚಿಕೊಳ್ಳುತ್ತದೆ: ಅವ ಸಾರಿ ಎಂದನಂತೆ, ನಾನು ನಂಬಬೇಕಂತೆ. ಹುಡುಗ ಇಂಗ್ಲಿಷಿನ ಒಂದು ಪದದಿಂದ ತನ್ನ ಮನೋಭಾವ ತೋರಿಸಿದ. ಹಿರಿಯರು ಆ ಪದಕ್ಕೆ ತಮ್ಮ ಭಾಷೆಯ ಒಂದಕ್ಷರ ಸೇರಿಸಿ ಅದರ ಗಾಳಿ ತೆಗೆದರು. ಆಡುವವನ ಉದ್ದೇಶ, ಧೋರಣೆ, ಅನುಮಾನ, ವ್ಯಂಗ್ಯಗಳನ್ನು ಸೂಚಿಸುವ ಇಂಗ್ಲಿಷ್ ಪದಗಳೂ ಚಿಹ್ನೆಗಳೂ ನಮ್ಮ ಮಾತಿಗೆ, ಬರಹಕ್ಕೆ, ಈಗ ಫೋನಿಗೆ ಧಾರಾಳವಾಗಿ ಬಂದಿವೆ. ಅವು ಏನನ್ನು ತಂದವು, ಏನನ್ನು ಒಯ್ದವು ಎಂಬ ಚರ್ಚೆ ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಕೂತು ನಡೆಯುತ್ತದೆ. ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ನೋಡಿದರೆ ಚಿತ್ರ ಬೇರೆಯೇ ಕಾಣುತ್ತದೆ.

ಕಾರಣ, ಇಲ್ಲಿ ಒಂದು ಭಾಷೆಯ ಎದುರು ಇಂಗ್ಲಿಷ್ ನಿಂತಿಲ್ಲ. ಪೇಟೆಯ ಮಾತು ತುಳು. ಸುಳ್ಯದ ಗೌಡರ ಮನೆಗಳಲ್ಲಿ ಅರೆಭಾಷೆ. ಅಡಿಕೆ ತೋಟದ ಹವ್ಯಕರ ಮನೆಗಳಲ್ಲಿ ಹವ್ಯಕ ಕನ್ನಡ. ಮುಸ್ಲಿಮರಲ್ಲಿ ಬ್ಯಾರಿ ಮತ್ತು ಮಲಯಾಳ, ಅಂಗಡಿ ಸಾಲಿನಲ್ಲಿ ಕೊಂಕಣಿ, ನೆಲ್ಯಾಡಿ-ಕಡಬದ ರಬ್ಬರ್ ತೋಟಗಳಲ್ಲಿ ಕೇರಳದಿಂದ ಬಂದು ನೆಲೆನಿಂತವರ ಮಲಯಾಳ. ಶಾಲೆ, ಪತ್ರಿಕೆ, ಭಾಷಣ ಕನ್ನಡ. ಪುತ್ತೂರು ಮತ್ತು ಸುಳ್ಯದ ಹಳ್ಳಿಗಳನ್ನು ಕೂಡಿಸಿ ಕಡಬ ತಾಲೂಕು ಮಾಡಿದಾಗ ಗಡಿಗಳು ಬದಲಾದವು. ಈ ಭಾಷೆಗಳು ಒಂದರ ಅಂಗಳದಲ್ಲಿ ಇನ್ನೊಂದು ಓಡಾಡುವುದು ಮೊದಲಿನ ಹಾಗೆಯೇ ಉಳಿಯಿತು.

ಈ ಎಲ್ಲ ಭಾಷೆಗಳಿಗೂ ಒಂದು ಸಮಾನ ಗುಣವಿದೆ. 'ಕೇಳಿದ್ದು' ಎಂಬುದಕ್ಕೆ ಪ್ರತಿಯೊಂದರಲ್ಲೂ ಒಂದು ಪುಟ್ಟ ಬಾಲ ಉಂಟು. ಕನ್ನಡದಲ್ಲಿ 'ಅಂತೆ', ತುಳುವಿನಲ್ಲಿ 'ಗೆ', ಹವ್ಯಕದಲ್ಲಿ 'ಅಡ', ಅರೆಭಾಷೆಯಲ್ಲಿ 'ಗಡ', ಕೊಂಕಣಿಯಲ್ಲಿ 'ಖಂಯ್', ಮಲಯಾಳದಲ್ಲಿ 'ಅತ್ರೆ'. ಆನೆ ಬಂತು ಎನ್ನುವುದು ಒಂದು ಮಾತು. 'ಆನೆ ಬಂತಂತೆ', 'ಆನೆ ಬತ್ತ್‌ಂಡ್‌ಗೆ', 'ಆನೆ ಬಯಿಂದಡ' ಎನ್ನುವುದು ಬೇರೆಯೇ ಮಾತು. ಮೊದಲನೆಯದಕ್ಕೆ ಹೇಳಿದವನು ಹೊಣೆ. ಮಿಕ್ಕವುಗಳಿಗೆ ಊರು ಹೊಣೆ. ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ 'ಅಪೇರೆಂಟ್ಲಿ' ಎಂದೋ 'ಐ ಹಿಯರ್' ಎಂದೋ ಸಾಮಾನ್ಯವಾಗಿ ವಾಕ್ಯದ ತಲೆಯಲ್ಲಿ ಒಂದು ಪೀಠಿಕೆ ಹಾಕಬೇಕು. ನಮ್ಮವರು ಅದನ್ನು ಉಸಿರಿನ ಕೊನೆಯಲ್ಲಿ, ಬಾಗಿಲು ಮುಚ್ಚುವಷ್ಟು ಸಲೀಸಾಗಿ ಮುಗಿಸುತ್ತಾರೆ.

ಇವುಗಳಲ್ಲಿ ನನಗೆ ಹೆಚ್ಚು ಪ್ರೀತಿ 'ಗಡ'ದ ಮೇಲೆ. ಹಳಗನ್ನಡ ಕಾವ್ಯ ಓದಿದವರಿಗೆ ಅದು ಪರಿಚಿತ ಮುಖ. ಪಂಪನ ಕಾಲದ ಕಾವ್ಯಗಳಲ್ಲಿ 'ಅಲ್ಲವೇ, ನೋಡು, ಹಾಗಂತೆ' ಎಂಬ ಬೆರಗನ್ನೋ ಕೊಂಕನ್ನೋ ಸೂಚಿಸಲು ಕವಿಗಳು ಬಳಸುತ್ತಿದ್ದ ಅವ್ಯಯವದು. ಬಯಲುಸೀಮೆಯ ಕನ್ನಡದಲ್ಲಿ ಎಂದೋ ಸತ್ತುಹೋದದ್ದು ಸುಳ್ಯದ ಬೆಟ್ಟಗಳಲ್ಲಿ ಇವತ್ತಿಗೂ ರಬ್ಬರ್ ಟ್ಯಾಪಿಂಗ್, ಸೊಸೈಟಿ ಸಾಲ, ಮದುವೆ ಊಟದ ಸುದ್ದಿಗಳ ತುದಿಯಲ್ಲಿ ನೇತಾಡಿಕೊಂಡಿದೆ. ಕೋಡಿ ಕುಶಾಲಪ್ಪ ಗೌಡರು ಅರೆಭಾಷೆಯ ರಚನೆಯನ್ನು ಭಾಷಾವಿಜ್ಞಾನದ ಶಿಸ್ತಿನಲ್ಲಿ ವಿವರಿಸಿದ ಪುಸ್ತಕ ಅಣ್ಣಾಮಲೈ ವಿಶ್ವವಿದ್ಯಾಲಯದಿಂದ ಬಂದದ್ದು 1970ರಲ್ಲಿ. ಅರೆಭಾಷೆಗೊಂದು ಅಕಾಡೆಮಿ ಬರಲು 2011ರವರೆಗೆ ಕಾಯಬೇಕಾಯಿತು. 'ಗಡ' ಮಾತ್ರ ಯಾವ ಅಕಾಡೆಮಿಯನ್ನೂ ಕಾಯದೆ ಉಳಿದುಕೊಂಡಿತು.

ಕಂಡದ್ದು-ಕೇಳಿದ್ದು ಎಂಬ ಈ ಭೇದವನ್ನು ಇಂಗ್ಲಿಷರು ಬೇರೆ ದಾರಿಯಲ್ಲಿ ತಂದರು: ಕಾನೂನಿನಿಂದ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೇ ಕಲಮು, ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು, ಕಂಡವನೇ ಬಂದು ಕಂಡೆನೆನ್ನಬೇಕು ಎಂದು ವಿಧಿಸಿತು. 2024ರ ಜುಲೈ 1ರಂದು ಆ ಅಧಿನಿಯಮ ಹೋಗಿ ಹೊಸ ಸಾಕ್ಷ್ಯ ಕಾಯಿದೆ ಜಾರಿಗೆ ಬಂದರೂ ಈ ತತ್ತ್ವ ಹಾಗೆಯೇ ಇದೆ. ವಿನೋದವೆಂದರೆ ಜೆ. ಬ್ರಿಗೆಲ್ ಬರೆದ ತುಳು ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದೂ ಅದೇ 1872ರಲ್ಲಿ. ಸರಕಾರ ಪುಟಗಟ್ಟಲೆ ಬರೆದು ಬೇರ್ಪಡಿಸಿದ್ದನ್ನು ತುಳುವರು ಒಂದಕ್ಷರದಲ್ಲಿ ಬೇರ್ಪಡಿಸುತ್ತಿದ್ದರು. ಸಾಕ್ಷಿ ತುಳುವಿನಲ್ಲಿ ಹೇಳಿ, ಅದು ಕನ್ನಡಕ್ಕೂ ಅಲ್ಲಿಂದ ಇಂಗ್ಲಿಷಿಗೂ ದಾಟುವಾಗ ಆ 'ಗೆ' ದಾರಿಯಲ್ಲಿ ಉದುರಿದರೆ ಕೇಳಿದ್ದು ಕಂಡದ್ದಾಗಿಬಿಡುತ್ತದೆ. ಒಂದಕ್ಷರದ ಬೆಲೆ ಕೆಲವೊಮ್ಮೆ ಒಂದು ಎಕರೆ.

ಇದನ್ನೆಲ್ಲ ವ್ಯಾಕರಣದ ನಡುಮನೆಗೆ ತಂದವರಲ್ಲಿ ಡಿ. ಎನ್. ಶಂಕರ ಭಟ್ಟರ ಹೆಸರು ಹೇಳಲೇಬೇಕು. ತುಳುವಿನ ವರ್ಣನಾತ್ಮಕ ಅಧ್ಯಯನದಿಂದ ಹೊರಟ ಅವರು 1999ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕವೊಂದರಲ್ಲಿ, ಪ್ರಪಂಚದ ಭಾಷೆಗಳಲ್ಲಿ ಕೆಲವು ಕಾಲಕ್ಕೆ, ಕೆಲವು ಕ್ರಿಯೆಯ ಸ್ಥಿತಿಗೆ, ಕೆಲವು ಆಡುವವನ ಧೋರಣೆಗೆ ಹೆಚ್ಚು ಮಹತ್ತ್ವ ಕೊಡುತ್ತವೆ ಎಂದು ವಾದಿಸಿದರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಪಟ್ಟು ಹಿಡಿದವರೂ, ಇಂಗ್ಲಿಷ್ ಪದಗಳಿಗೆ ಕನ್ನಡದ್ದೇ ಪದಗಳನ್ನು ಕಟ್ಟಿಕೊಟ್ಟವರೂ ಅವರೇ. ಅವರ ಪದಪಟ್ಟಿಗಿಂತ ನನಗೆ ಅವರ ವ್ಯಾಕರಣದ ದಾರಿ ಹೆಚ್ಚು ಉಪಯೋಗಕ್ಕೆ ಬಂದಿದೆ. ಧೋರಣೆಯನ್ನು ಪದಕೋಶದಲ್ಲಿ ಹುಡುಕಿದರೆ ಇಂಗ್ಲಿಷ್ ಗೆದ್ದಂತೆ ಕಾಣುತ್ತದೆ. ವಾಕ್ಯದ ಯಾವ ಕಡೆ ಏನು ಕೂತಿದೆ ಎಂದು ನೋಡಿದರೆ ಕಥೆ ಬದಲಾಗುತ್ತದೆ.

ನಮ್ಮ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಧೋರಣೆಯೆಲ್ಲ ಅದರ ಬೆನ್ನಿಗೆ ಅಂಟಿಕೊಳ್ಳುತ್ತದೆ: ಬಂದನಾ, ಬಂದನೋ, ಬಂದನಲ್ಲ, ಬಂದನಂತೆ, ಬಂದನಲ್ಲ ಮಾರಾಯ. ಇಂಗ್ಲಿಷಿನ ಪದಗಳು ಬಂದು ಕೂತದ್ದು ಇನ್ನೊಂದು ತುದಿಯಲ್ಲಿ: 'ಬಟ್', 'ಸೋ', 'ಆಕ್ಚುವಲಿ', 'ಬೇಸಿಕಲಿ'. ತಲೆಯ ಆ ಜಾಗ ಪೂರ್ತಿ ಖಾಲಿಯಿತ್ತು ಎಂದಲ್ಲ. 'ಅಲ್ಲ, ನೀವು ಯಾವಾಗ ಬಂದದ್ದು?' ಎಂದು ನಿರಾಕರಿಸಲು ಏನೂ ಇಲ್ಲದಾಗಲೂ 'ಅಲ್ಲ'ದಿಂದ ಶುರುಮಾಡುವುದು ನಮ್ಮ ಕರಾವಳಿಯ ಹಳೆಯ ಅಭ್ಯಾಸ. ಹವ್ಯಕರಿಗೆ 'ಇದಾ' ಇದೆ. ಆದರೂ ತಲೆಯಲ್ಲಿ ಜಾಗ ಸಡಿಲವಾಗಿತ್ತು, ಬಾಲದಲ್ಲಿ ಕಿಕ್ಕಿರಿದಿತ್ತು. ಬಸ್ಸಿನ ಹಾಗೆಯೇ. ಇಂಗ್ಲಿಷ್ ಮುಂಬಾಗಿಲಿನಿಂದ ಹತ್ತಿತು. ಇಂಜಿನಿಯರಿಂಗ್ ಓದಿದ ಹುಡುಗನೂ 'ಆಕ್ಚುವಲಿ ಅವ ಬರುವುದಿಲ್ಲವಂತೆ ಮಾರಾಯ' ಎನ್ನುತ್ತಾನೆಯೇ ಹೊರತು ಆ ವಾಕ್ಯವನ್ನು 'ಅಪೇರೆಂಟ್ಲಿ'ಯಿಂದ ಮುಗಿಸುವುದಿಲ್ಲ.

'ಮಾರಾಯ'ನ ಬಗ್ಗೆ ಎರಡು ಮಾತು. ಸಿಟ್ಟು, ಅಚ್ಚರಿ, ಸಲಿಗೆ, ಸೋಲು, ಎಲ್ಲಕ್ಕೂ ಈ ಒಂದೇ ಪದ ಸಾಕು. ಅದಕ್ಕೆ ಹೆಣ್ಣುರೂಪ 'ಮಾರಾಯ್ತಿ' ಉಂಟು, ಗೌರವರೂಪ 'ಮಾರಾಯ್ರೆ' ಉಂಟು. ಯುವಕರ 'ಬ್ರೋ'ಗೆ ಈ ಎರಡೂ ಇಲ್ಲ. ಬ್ಯಾಂಕಿನ ಮ್ಯಾನೇಜರರಿಗೆ 'ಎಂತದು ಮಾರಾಯ್ರೆ' ಎನ್ನಬಹುದು. 'ಎಂತದು ಬ್ರೋ' ಎಂದರೆ ಸಾಲದ ಅರ್ಜಿ ಹಿಂದೆ ಬರಬಹುದು.

ಇನ್ನು ಆ ಮೂರು ಪದಗಳಿಗೆ ಬರೋಣ: ಸಾರಿ, ಪ್ಲೀಸ್, ಥ್ಯಾಂಕ್ಸ್. ಕನ್ನಡಪರ ಭಾಷಣಗಳಲ್ಲಿ ಇವುಗಳ ಮೇಲೆ ಮೊದಲ ಕಲ್ಲು. ಕ್ಷಮಿಸಿ ಎನ್ನಿ, ದಯವಿಟ್ಟು ಎನ್ನಿ, ಧನ್ಯವಾದ ಎನ್ನಿ. ಆದರೆ ಕ್ಷಮೆ, ದಯೆ, ಧನ್ಯವಾದ ಮೂರೂ ಸಂಸ್ಕೃತದಿಂದ ಬಂದವು. ಪುತ್ತೂರಿನ ಯಾವ ಮನೆಯ ಅಡುಗೆಕೋಣೆಯಲ್ಲೂ ಅವು ಎಂದೂ ಓಡಾಡಿದವಲ್ಲ. 'ದಯವಿಟ್ಟು' ಎಂಬುದನ್ನು ನಾವು ಫಲಕಗಳಲ್ಲಿ ಓದುತ್ತೇವೆ: ದಯವಿಟ್ಟು ಚಪ್ಪಲಿ ಇಲ್ಲಿಡಿ. 'ಧನ್ಯವಾದ' ಇರುವುದು ಸಭೆಯ ಕೊನೆಯಲ್ಲಿ, ಜನ ಕುರ್ಚಿ ಬಿಟ್ಟೇಳುವಾಗ. ಮೆಚ್ಚುಗೆ ಸೂಚಿಸಲು ಬೇಷ್, ಶಹಬ್ಬಾಸ್ ಎಂದೆವು. ಅವು ಪಾರ್ಸಿಯ ಕಡೆಯವು. ಚೆನ್ನಾಗಿದೆ ಎನ್ನಲು ತುಳುವರು ನಿತ್ಯ ಹೇಳುವ 'ಶೋಕು' ಕೂಡ ದೂರದಿಂದ ಬಂದದ್ದೇ. ಯಾರ ಆಳ್ವಿಕೆಯೋ ಅವರ ಮರ್ಯಾದೆಯ ಮಾತು ನಮ್ಮ ಬಾಯಿಗೆ ಬರುತ್ತದೆ. ಇಂಗ್ಲಿಷ್ ಆ ಸಾಲಿನಲ್ಲಿ ಇತ್ತೀಚಿನದು, ಅಷ್ಟೇ.

ಹಾಗಾದರೆ ಮನೆಯೊಳಗೆ ವಿನಯವೇ ಇರಲಿಲ್ಲವೇ? ಇತ್ತು, ಪದವಾಗಿ ಇರಲಿಲ್ಲ. 'ಒಂತೆ ನೀರ್ ಕೊರ್ಲೆ' ಎಂಬ ತುಳು ಮಾತಿನಲ್ಲಿ 'ಒಂತೆ' ಎಂದರೆ ಸ್ವಲ್ಪ. ಕೇಳಿದವನಿಗೆ ಬೇಕಾದದ್ದು ಚೊಂಬು ತುಂಬ. ಆ 'ಸ್ವಲ್ಪ' ನೀರಿನ ಅಳತೆಯಲ್ಲ, ಕೇಳುವವನ ಸಂಕೋಚದ ಅಳತೆ. ಕನ್ನಡದಲ್ಲಿ 'ಒಂದು ಉಪಕಾರ ಆಗಬೇಕಿತ್ತು' ಎನ್ನುತ್ತೇವೆ: ಇವತ್ತಿನ ಬೇಡಿಕೆಯನ್ನು ಭೂತಕಾಲಕ್ಕೆ ತಳ್ಳಿ, ಇಲ್ಲ ಎನ್ನಲು ಎದುರಿನವನಿಗೆ ಅವಕಾಶ ಬಿಟ್ಟುಕೊಡುವ ನಾಜೂಕು. ಕೃತಜ್ಞತೆಗೂ ಪದವಿರಲಿಲ್ಲ, ಹೊರಡುವಾಗ 'ಬರ್ಪೆ', ಬರುತ್ತೇನೆ, ಎಂದರೆ ಸಾಕಿತ್ತು. ಮತ್ತೆ ಬರುವ ಋಣ ಒಪ್ಪಿಕೊಂಡ ಮೇಲೆ ಥ್ಯಾಂಕ್ಸ್ ಯಾಕೆ? ಇಂಗ್ಲಿಷ್ ಮಾಧ್ಯಮದ ಶಾಲೆಯಿಂದ ಬಂದ ಮಗು ದೋಸೆ ಹಾಕಿದ ತಾಯಿಗೆ 'ಥ್ಯಾಂಕ್ಯೂ ಅಮ್ಮ' ಎಂದಾಗ ಅವಳಿಗೆ ನಗು ಬರುತ್ತದೆ. ಜತೆಗೆ ಮಗು ಒಂದು ಮಾರು ದೂರ ಸರಿದಂತೆಯೂ ಅನ್ನಿಸುತ್ತದೆ.

'ಸಾರಿ'ಯ ಸಂಗತಿ ಇನ್ನೂ ಸೂಕ್ಷ್ಮ. 'ತಪ್ಪಾಯಿತು', ತುಳುವಿನಲ್ಲಿ 'ತಪ್ಪಾಂಡ್', ಎಂಬುದು ಈ ಸೀಮೆಯಲ್ಲಿ ಭಾರವಾದ ಮಾತು. ದೇವರ ಮುಂದೆ, ದೈವದ ಮುಂದೆ, ಊರ ಹತ್ತು ಜನರ ಮುಂದೆ ಹೇಳುವ ಮಾತದು. ಅದರ ಹಿಂದೆಯೇ ತಪ್ಪುಕಾಣಿಕೆ ಬರುತ್ತದೆ. ಅಂದರೆ ನಮ್ಮಲ್ಲಿ ತಪ್ಪೊಪ್ಪಿಗೆ ಬರೀ ಮಾತಲ್ಲ, ಲೆಕ್ಕ ಚುಕ್ತಾ ಮಾಡುವ ಕ್ರಮ. ಬಸ್ಸಿನಲ್ಲಿ ಕಾಲು ತುಳಿದದ್ದಕ್ಕೆ ಅಷ್ಟು ದೊಡ್ಡ ನೋಟು ಮುರಿಸಲಾಗುವುದಿಲ್ಲ. ಹಿಂದೆ ಅಂಥ ಸಂದರ್ಭದಲ್ಲಿ ತುಳಿಸಿಕೊಂಡವರನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಅಥವಾ 'ಅಯ್ಯೋ' ಎನ್ನುತ್ತಿದ್ದರು. ಮುಟ್ಟಬಾರದವರು, ಮುಟ್ಟಿಸಿಕೊಳ್ಳದವರು ಇದ್ದ ಸಮಾಜದಲ್ಲಿ ಆ ಸನ್ನೆಗೂ ಮಿತಿಯಿತ್ತು ಎಂಬುದನ್ನು ಮರೆಯಬಾರದು. 'ಸಾರಿ' ಬಂದದ್ದು ಆ ಬಿರುಕಿಗೆ, ಚಿಲ್ಲರೆ ಕಾಸಾಗಿ.

ನನ್ನ ತೀರ್ಮಾನದ ಮೊದಲ ಪಾಲು ಇದು. ತುಳುವಿನಲ್ಲಿ ಮಾತಾಡಲು ಬಾಯಿ ತೆರೆದರೆ 'ಈ' (ನೀನು) ಎನ್ನಬೇಕೋ 'ಈರ್' (ನೀವು) ಎನ್ನಬೇಕೋ ನಿರ್ಧಾರವಾಗಬೇಕು. ಎದುರಿನವರ ವಯಸ್ಸು, ಜಾತಿ, ಕೆಲಸ, ಅಂಗಿಯ ಇಸ್ತ್ರಿ ಎಲ್ಲ ಒಂದು ಕ್ಷಣದಲ್ಲಿ ತೂಗಬೇಕು. ಯಾವ ಭಾಷೆಯಲ್ಲಿ ಮಾತು ಆರಂಭಿಸುವುದು ಎಂಬುದೇ ಒಂದು ಪ್ರಶ್ನೆ, ಏಕೆಂದರೆ ಭಾಷೆಯೇ ಮನೆತನವನ್ನು ಹೇಳಿಬಿಡುತ್ತದೆ. ಸಾರಿ, ಥ್ಯಾಂಕ್ಸ್, ಓಕೆಗಳಿಗೆ ಏಕವಚನ-ಬಹುವಚನ ಇಲ್ಲ. ಅವಕ್ಕೆ ಜಾತಿ ತಿಳಿಯಬೇಕಾಗಿಲ್ಲ. ಕೂಲಿಗೆ ಹೋಗುವವನೂ ತೋಟದ ಯಜಮಾನನೂ ಒಂದೇ 'ಥ್ಯಾಂಕ್ಸ್' ಅನ್ನಬಹುದು. ಇಂಗ್ಲಿಷ್ ಶ್ರೇಷ್ಠವೆಂದು ಜನ ಈ ಪದಗಳನ್ನು ಎತ್ತಿಕೊಂಡರು ಎನ್ನುವುದಕ್ಕಿಂತ, ಅವು ಯಾರಿಗೂ ಸೇರದ ಸರಕಾರಿ ಜಾಗದ ಹಾಗೆ ಸಿಕ್ಕಿದವು ಎನ್ನುವುದು ಹೆಚ್ಚು ಸರಿ.

'ಓಕೆ'ಯ ಮೂಲ ನೆನೆದರೆ ನಗು ಬರುತ್ತದೆ. 1839ರ ಮಾರ್ಚ್‌ನಲ್ಲಿ ಬೋಸ್ಟನ್ನಿನ ಪತ್ರಿಕೆಯೊಂದು 'ಆಲ್ ಕರೆಕ್ಟ್' ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಮೊಟಕು ಮಾಡಿ ಅಚ್ಚು ಹಾಕಿದ ತಮಾಷೆ ಅದು. ನಮ್ಮಲ್ಲಿ ಅದು 'ಓಕೆಯಾ?' ಎಂದು ಪ್ರಶ್ನೆಯಾಗಿ, 'ಓಕೆ ಓಕೆ' ಎಂದು ಇನ್ನು ಹೊರಡಿ ಎಂಬ ಸೂಚನೆಯಾಗಿ ಬೆಳೆದಿದೆ. ಕಂಡಕ್ಟರನ 'ರೈಟ್' ಕೂಡ ಹಾಗೆಯೇ. 'ರೈಟ್ ಪೋಯಿ' ಎಂದರೆ ಬಲಕ್ಕೆ ಹೋಗು ಎಂದಲ್ಲ, ಸರಿಯಾಯಿತು, ಹೊರಡೋಣ ಎಂದು. ಇಂಗ್ಲಿಷ್ ತಲೆ, ತುಳು ಬಾಲ. 'ಹಲೋ'ಗೆ ನಮ್ಮ ಗುಡ್ಡಗಳಲ್ಲಿ ವಂದನೆಯ ಅರ್ಥವೇ ಇಲ್ಲ. ಅದು ದಾರಿ ತೆರೆದಿದೆಯೇ ಎಂದು ಬಾಗಿಲು ಬಡಿಯುವ ಸದ್ದು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆ, ನೆಟ್‌ವರ್ಕ್ ಹುಡುಕಿ ರಸ್ತೆ ಬದಿಗೆ ಬಂದು ಕೂತ ಮಗಳಿಗೆ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಆ ದಿನಗಳಲ್ಲಿ ಇಲ್ಲಿನ ಮಕ್ಕಳು ಪಾಠದಲ್ಲಿ ಅತಿ ಹೆಚ್ಚು ಉಚ್ಚರಿಸಿದ ಪದ 'ಹಲೋ'ವೇ ಇರಬೇಕು: 'ಹಲೋ ಸರ್, ಕೇಳ್ತಾ ಉಂಟಾ?'

ಕೆಲವು ಪದಗಳು ಮಾತ್ರ ಮುಂಬಾಗಿಲಿನಿಂದ ಹತ್ತಿ ಹಿಂದಿನ ಸೀಟಿಗೆ ಹೋಗಿ ಕೂತಿವೆ, ಮತ್ತು ಅವೇ ನಿಜವಾಗಿ ಊರಿನವಾದವು. 'ಇವತ್ತು ಮಳೆ ಗ್ಯಾರಂಟಿ.' 'ಅವ ಬರುವುದು ಡೌಟು.' 'ಚಾನ್ಸೇ ಇಲ್ಲ.' ನಿಶ್ಚಯ, ಸಂಶಯ, ಅಸಾಧ್ಯ ಎಂಬ ಮೂರು ಮೆಟ್ಟಿಲಿಗೂ ಈಗ ಇಂಗ್ಲಿಷ್ ಕಲ್ಲು. ಪ್ರಾಯಶಃ, ಬಹುಶಃ ಎಂದು ಸಂತೆಯಲ್ಲಿ ಯಾರಾದರೂ ಅಂದರೆ ಅವರು ಮೇಷ್ಟ್ರೇ ಇರಬೇಕು. ಆದರೆ ಗಮನಿಸಿ, ಇಂಗ್ಲಿಷಿನಲ್ಲಿ 'ಮಳೆ ಗ್ಯಾರಂಟಿ' ಎಂದು ಯಾರೂ ವಾಕ್ಯ ಮುಗಿಸುವುದಿಲ್ಲ. ಡೌಟ್‌ಗೆ ಉಕಾರ ಸೇರಿಸಿ, ಕ್ರಿಯಾಪದದ ಜಾಗದಲ್ಲಿ ಕೂರಿಸಿ, ನಮ್ಮ ವ್ಯಾಕರಣ ಅವನ್ನು ಹುಟ್ಟೂರು ಮರೆಯುವಷ್ಟು ಬದಲಿಸಿದೆ. 2023ರ ಚುನಾವಣೆಯ ನಂತರ ರಾಜ್ಯ ಸರಕಾರದ ಐದು ಯೋಜನೆಗಳಿಂದಾಗಿ 'ಗ್ಯಾರಂಟಿ' ಮತ್ತೆ ನಾಮಪದವಾಯಿತು. ಗ್ಯಾರಂಟಿ ಹಣ ಈ ತಿಂಗಳು ಬರುವುದು ಗ್ಯಾರಂಟಿಯಾ ಎಂದು ಯಾರಾದರೂ ಕೇಳಿದರೆ ಅದರಲ್ಲಿ ಎರಡು ವ್ಯಾಕರಣಗಳಿವೆ. 'ಸಾರಿ ಗೀರಿ ಬೇಡ' ಎಂಬಲ್ಲಿನ 'ಗೀರಿ'ಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಯಾವ ಪರದೇಶಿ ಪದವನ್ನಾದರೂ ಹಗುರ ಮಾಡಿ ಬಿಸಾಡಲು ನಮಗೆ ಒಂದು 'ಗಿ'ಕಾರ ಸಾಕು.

ಇಂಗ್ಲಿಷೇ ಇಲ್ಲದೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಈ ಸೀಮೆಯಲ್ಲಿ ಒಂದು ಪ್ರಯೋಗಶಾಲೆಯೇ ಇದೆ: ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದಷ್ಟೇ. ಬಾಯ್ತಪ್ಪಿ ಒಂದು ಇಂಗ್ಲಿಷ್ ಪದ ಬಂದರೂ ಸಭೆ ಗುರುತಿಸುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು 'ಹೌದೇ?' ಎಂಬ ಎರಡಕ್ಷರಕ್ಕೆ ಕೊಟ್ಟ ಬಣ್ಣಗಳನ್ನು ಕೇಳಿ ಬೆಳೆದವರು ಪುತ್ತೂರು ಸುತ್ತಮುತ್ತ ಇನ್ನೂ ಇದ್ದಾರೆ. ಒಪ್ಪಿಗೆ, ಕೆಣಕು, ಅನುಕಂಪ, ಯುದ್ಧದ ಕರೆ ಎಲ್ಲವೂ ಒಂದೇ 'ಹೌದೇ'ಯ ಏರಿಳಿತದಲ್ಲಿ. ಮರುದಿನ ಅದನ್ನು ಪತ್ರಿಕೆಯಲ್ಲಿ ವರದಿ ಮಾಡಹೊರಟವನ ಕಷ್ಟ ನೋಡಬೇಕು: ಅವನ ಬಳಿ ಇರುವುದು ಒಂದು ಪ್ರಶ್ನಾರ್ಥಕ ಚಿಹ್ನೆ, ಒಂದು ಆಶ್ಚರ್ಯಸೂಚಕ ಚಿಹ್ನೆ. ಎರಡೂ ಇಂಗ್ಲಿಷಿನ ದಾರಿಯಲ್ಲಿ ಬಂದವು.

ತಾಳೆಗರಿಯಲ್ಲಿ ಬರೆಯುವವರಿಗೆ ಒಂದು ಗೆರೆ, ಎರಡು ಗೆರೆ ಬಿಟ್ಟರೆ ಹೆಚ್ಚಿನ ಚಿಹ್ನೆ ಬೇಕಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಚ್ಚಿನ ಜತೆ ಪಾಶ್ಚಾತ್ಯ ಚಿಹ್ನೆಗಳ ಪೂರ್ತಿ ಪೆಟ್ಟಿಗೆಯೇ 'ಮಂಗಳೂರ ಸಮಾಚಾರ' ಪತ್ರಿಕೆಯ (1843) ನಾಡಿಗೆ ಬಂತು. ಕೆಲವಕ್ಕೆ ಇಲ್ಲಿ ಕೆಲಸವೇ ಇರಲಿಲ್ಲ. ಕನ್ನಡದ ಪ್ರಶ್ನೆ 'ಬಂದನಾ' ಎಂಬ ಆಕಾರದಲ್ಲೇ ಮುಗಿದಿದೆ. ಮುಂದೆ ಹಾಕುವ ಕೊಂಡಿ ಬೋಳುತಲೆಗೆ ಇನ್ನೊಂದು ಕ್ಷೌರ. ಉದ್ಧರಣ ಚಿಹ್ನೆಯ ಕೆಲಸವನ್ನು 'ಎಂದು', 'ಅಂತ', ಹವ್ಯಕರ 'ಹೇಳಿ' ಮೊದಲಿನಿಂದಲೂ ಮಾಡುತ್ತಿದ್ದವು. ಕೆಲಸವಿಲ್ಲದ ಆಳು ಏನಾದರೊಂದು ಕಿತಾಪತಿ ಹುಡುಕುತ್ತಾನೆ. ಈ ಚಿಹ್ನೆಗಳೂ ಹುಡುಕಿದವು.

ಪ್ರಶ್ನಾರ್ಥಕ ಚಿಹ್ನೆ ಸುದ್ದಿಯ ತಲೆಬರಹಕ್ಕೆ ಹೋಗಿ ಕೂತಿತು. 'ಅಡಿಕೆ ಧಾರಣೆ ಮತ್ತೆ ಕುಸಿತ?' ಎಂಬಂಥ ತಲೆಬರಹ ಊಹಿಸಿಕೊಳ್ಳಿ. ಅಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುತ್ತಿಲ್ಲ. ಕುಸಿಯುತ್ತದಂತೆ ಎಂಬ ಗಾಳಿಮಾತನ್ನು ಹೊಣೆಯಿಲ್ಲದೆ ದಾಟಿಸುತ್ತಿದ್ದಾರೆ. ಪತ್ರಿಕೆಯ ಶಿಷ್ಟ ಕನ್ನಡ 'ಅಂತೆ'ಯನ್ನು ಗ್ರಾಮ್ಯವೆಂದು ಅಂಗಳದಲ್ಲೇ ನಿಲ್ಲಿಸಿತು. ಅದರ ಕೆಲಸವನ್ನು 'ಎನ್ನಲಾಗಿದೆ', 'ಹೇಳಲಾಗುತ್ತಿದೆ' ಎಂಬ ಉದ್ದನೆಯ ಬಾಲಗಳಿಗೂ ತಲೆಬರಹದ ಕೊಂಡಿಗೂ ಹಂಚಿತು. ನನ್ನ ದೃಷ್ಟಿಯಲ್ಲಿ ಇದು ನಷ್ಟದ ವ್ಯಾಪಾರ. 'ಅಂತೆ' ಪ್ರಾಮಾಣಿಕ ಪದ, ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ತಲೆಬರಹದ ಪ್ರಶ್ನಾರ್ಥಕ ಚಿಹ್ನೆ ಗೊತ್ತಿದ್ದೂ ಹೇಳದವನ ಮುಖ ಮಾಡಿಕೊಂಡು ನಿಲ್ಲುತ್ತದೆ. 1988ರಿಂದ ಪುತ್ತೂರಿನಿಂದ ಬರುತ್ತಿರುವ 'ಅಡಿಕೆ ಪತ್ರಿಕೆ' ಕೃಷಿಕರಿಂದಲೇ ಬರೆಸುವ ದಾರಿ ಹಿಡಿಯಿತು. ಮಾಡಿದವನೇ ಬರೆಯುವಾಗ ಅಂತೆಗೂ ಕೆಲಸವಿಲ್ಲ, ಕೊಂಡಿಗೂ ಕೆಲಸವಿಲ್ಲ. ಬಸಳೆಯೋ ಕಾಳುಮೆಣಸೋ, ನೆಟ್ಟೆ, ಬಂತು, ಅಥವಾ ಸತ್ತಿತು.

ಉದ್ಧರಣ ಚಿಹ್ನೆ ಕೊಂಕಿಗೆ ಇಳಿಯಿತು. 'ಸಮಾಜಸೇವಕ'ರು ಎಂದು ಎರಡು ಕೊಕ್ಕೆಗಳ ನಡುವೆ ಹಾಕಿದರೆ ಅವರು ಏನು ಸೇವಿಸುತ್ತಾರೆಂದು ಓದುಗನಿಗೆ ಅರ್ಥವಾಗುತ್ತದೆ. ಬರಹದಲ್ಲಿ ವ್ಯಂಗ್ಯಕ್ಕೊಂದು ಗುರುತು ಬೇಕು ಎಂಬ ಚಡಪಡಿಕೆ ಇಂಗ್ಲಿಷಿನವರಿಗೆ ಹಳೆಯದು. 1668ರಲ್ಲೇ ಜಾನ್ ವಿಲ್ಕಿನ್ಸ್ ತಲೆಕೆಳಗಾದ ಆಶ್ಚರ್ಯಸೂಚಕ ಚಿಹ್ನೆಯನ್ನು ಅದಕ್ಕಾಗಿ ಸೂಚಿಸಿದ್ದ. ಯಾರೂ ಹಿಡಿಯಲಿಲ್ಲ. ನಮಗೆ ಆ ಚಡಪಡಿಕೆ ಬರಲಿಲ್ಲ. 'ದೊಡ್ಡ ಪಂಡಿತನಂತೆ' ಎಂದರೆ ಮುಗಿಯಿತು, ಚಿಹ್ನೆ ಪದದೊಳಗೇ ಇದೆ. ತುಳುವಿನ 'ಎಡ್ಡೆ ಆಂಡ್', ಒಳ್ಳೆಯದಾಯಿತು ಎಂಬುದನ್ನು ಯಾವಾಗ ಹಾರೈಕೆ, ಯಾವಾಗ ಶಾಪ ಎಂದು ತಿಳಿಯದವನು ಈ ಊರಿನಲ್ಲಿ ಆಸ್ತಿ ಕೊಳ್ಳಬಾರದು.

ಆಮೇಲೆ ಫೋನು ಬಂತು. ಧ್ವನಿಯಿಲ್ಲದ ಮಾತು, ಎದುರಿಗೆ ಮುಖವಿಲ್ಲದ ಮಾತುಕತೆ. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಫಾಲ್‌ಮನ್, ತಮಾಷೆಯನ್ನು ಜನ ನಿಜವೆಂದು ತಿಳಿಯುತ್ತಿದ್ದಾರೆಂಬ ಕಾರಣಕ್ಕೆ, ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಆವರಣ ಸೇರಿಸಿ ಪಕ್ಕಕ್ಕೆ ಮಲಗಿದ ನಗೆಮುಖ ಮಾಡಿಕೊಟ್ಟರು. 1999ರಲ್ಲಿ ಜಪಾನಿನ ಶಿಗೆತಾಕಾ ಕುರಿಟಾ 176 ಚಿತ್ರಾಕ್ಷರಗಳನ್ನು ರೂಪಿಸಿದರು. 2010ರಲ್ಲಿ ಎಮೋಜಿಗಳು ಯೂನಿಕೋಡಿಗೆ ದೊಡ್ಡ ಸಂಖ್ಯೆಯಲ್ಲಿ ಸೇರಿದವು. ತುಳು-ತಿಗಳಾರಿ ಲಿಪಿಗೆ ಅದೇ ಕೋಷ್ಟಕದಲ್ಲಿ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ. ನಗುವಿನಿಂದ ಕಣ್ಣೀರು ಸುರಿಸುವ ಮುಖಕ್ಕಿಂತ ಹದಿನಾಲ್ಕು ವರ್ಷ ತಡವಾಗಿ.

ಕೈಮುಗಿದ ಚಿತ್ರವನ್ನೇ ನೋಡಿ. ಜಪಾನಿನಲ್ಲಿ ಅದು ಬೇಡಿಕೆಗೂ ಕೃತಜ್ಞತೆಗೂ ಮುಗಿದ ಕೈ. ನಮ್ಮ ಸೊಸೈಟಿಯ, ಶಾಲೆಯ, ಜಾತ್ರಾ ಸಮಿತಿಯ ವಾಟ್ಸಾಪ್ ಗುಂಪುಗಳಲ್ಲಿ ಅದು ನಮಸ್ಕಾರ, ಅದು ಶ್ರದ್ಧಾಂಜಲಿ, ಅದು ಸಾಕು ಮಾರಾಯ ನಿಲ್ಲಿಸು ಎಂಬ ಬೇಡಿಕೆ, ಅದು ಗುಂಪಿನ ಹಿರಿಯರಿಗೆ 'ಓದಿದೆ' ಎಂಬ ವರದಿ. ಮತ್ತೆ ಅದೇ ಕಾರಣ: ಅದರಲ್ಲಿ 'ಈ', 'ಈರ್' ಎಂಬ ಆಯ್ಕೆ ಇಲ್ಲ. ಹೆಬ್ಬೆರಳಿನ ಚಿತ್ರಕ್ಕೆ ಈ ಭಾಗ್ಯವಿಲ್ಲ. ಸಾವಿನ ಸುದ್ದಿಗೆ ಯಾರೋ ಹೆಬ್ಬೆರಳು ಎತ್ತಿದ್ದಕ್ಕೆ ಎರಡು ಮನೆಗಳ ನಡುವೆ ಮಾತು ನಿಂತ ಪ್ರಸಂಗ ನನಗೇ ಗೊತ್ತಿದೆ. ಎತ್ತಿದವರು 'ತಿಳಿಯಿತು' ಎಂಬ ಅರ್ಥದಲ್ಲಿ ಎತ್ತಿದ್ದರು. ಚಿತ್ರಕ್ಕೆ ಬಾಲ ಅಂಟಿಸಲಾಗುವುದಿಲ್ಲ, ಅದೇ ತೊಂದರೆ. ಹಾಗಾಗಿ ಇಲ್ಲಿನ ಹಲವರು ಬರೆಯುವುದನ್ನೇ ಬಿಟ್ಟು ಗುಂಡಿ ಒತ್ತಿ ಹಿಡಿದು ಮಾತನ್ನೇ ಕಳುಹಿಸುತ್ತಾರೆ. ಧ್ವನಿಸಂದೇಶದಲ್ಲಿ ಗೆ, ಅಡ, ಗಡ, ಮಾರಾಯ ಎಲ್ಲವೂ ತಮ್ಮ ರಾಗದೊಂದಿಗೇ ತಲುಪುತ್ತವೆ, ಹಿನ್ನೆಲೆಯಲ್ಲಿ ಒಂದು ಕೋಳಿಯ ಕೂಗೂ.

ನನ್ನ ತೀರ್ಮಾನದ ಎರಡನೆಯ ಪಾಲು ಅಷ್ಟು ಸಮಾಧಾನದ್ದಲ್ಲ. ಬಾಲದ ಅಕ್ಷರಗಳನ್ನು ಇಂಗ್ಲಿಷ್ ಮುಟ್ಟಲಿಲ್ಲ, ಮುಟ್ಟಲಾರದು. ಆದರೆ 'ಅಡ', 'ಗಡ'ಗಳನ್ನು ಕನ್ನಡದ 'ಅಂತೆ' ಮುಟ್ಟುತ್ತಿದೆ. ಶಾಲೆ, ಟಿವಿ, ಬೆಂಗಳೂರಿನ ನೌಕರಿ ಇವುಗಳಿಂದ ಮನೆಮಾತು ಶಿಷ್ಟ ಕನ್ನಡಕ್ಕೆ ವಾಲಿದ ಮನೆಗಳಲ್ಲಿ ಅಜ್ಜಿ 'ಅಡ' ಎಂದರೆ ಮೊಮ್ಮಗಳು 'ಅಂತೆ' ಎನ್ನುತ್ತಾಳೆ. ಇಬ್ಬರೂ 'ಸಾರಿ'ಯನ್ನು ಒಂದೇ ರೀತಿ ಅನ್ನುತ್ತಾರೆ. ಇಂಗ್ಲಿಷಿನ ಮೇಲೆ ಕಲ್ಲೆಸೆಯುವ ಕನ್ನಡದ ಸಭೆಗಳಿಗೆ ಇದು ಕಾಣುವುದಿಲ್ಲ, ಏಕೆಂದರೆ ಒಯ್ಯುವ ಕೈ ತಮ್ಮದೇ.

ಯಂತ್ರಕ್ಕೆ ಮಾತ್ರ ಕೊನೆಗೂ 'ಗೆ'ಯ ಅಗತ್ಯ ಅರ್ಥವಾಯಿತು. ಗಾಳಿಸುದ್ದಿಯಿಂದ ದೇಶದ ಹಲವೆಡೆ ಜನರನ್ನು ಬಡಿದು ಕೊಂದ 2018ರಲ್ಲಿ, ಜುಲೈ ತಿಂಗಳು, ವಾಟ್ಸಾಪ್ ದಾಟಿಸಿದ ಸಂದೇಶಗಳ ತಲೆಯ ಮೇಲೆ ಒಂದು ಬಾಗಿದ ಬಾಣವನ್ನೂ 'ಫಾರ್ವರ್ಡೆಡ್' ಎಂಬ ಪದವನ್ನೂ ಹಾಕತೊಡಗಿತು. ಕಂಡದ್ದಲ್ಲ, ಕೇಳಿದ್ದು. ಜಗತ್ತಿಗೆಲ್ಲ ಹೊಸ ಸೌಲಭ್ಯವಾಗಿ ಬಂದದ್ದು ನಮಗೆ ಹಳೆಯ ಅವ್ಯಯದ ಚಿತ್ರರೂಪ. ಅದೂ ಇಂಗ್ಲಿಷಿನ ಕ್ರಮದಂತೆ ತಲೆಯಲ್ಲೇ ಕೂತಿತು.

2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದ ಮೇಲೆ, ಕಾಡಂಚಿನ ಗ್ರಾಮಗಳ ಗುಂಪುಗಳಲ್ಲಿ ಆನೆಯ ಸುದ್ದಿ ಹವಾಮಾನದ ಸುದ್ದಿಯಷ್ಟೇ ಸಾಮಾನ್ಯ. ಮುಂಜಾನೆ ಟ್ಯಾಪಿಂಗಿಗೆ ಹೊರಡುವವರು, ಡೈರಿಗೆ ಹಾಲು ಒಯ್ಯುವವರು ಮೊದಲು ಫೋನು ನೋಡುತ್ತಾರೆ. ತೋಟದಲ್ಲಿ ನಿಂತ ಆನೆಯ ಚಿತ್ರ. ಮೇಲೆ ಬಾಗಿದ ಬಾಣ. ಕೆಳಗೆ ಮೂರು ಕೈಮುಗಿದ ಚಿತ್ರ, ಒಂದು ಕೆಂಪು ಆಶ್ಚರ್ಯಸೂಚಕ ಚಿಹ್ನೆ. ಎಲ್ಲಿಯದು, ಯಾವತ್ತಿನದು ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಯಾರೋ ಒಬ್ಬರು ಚಿಹ್ನೆಗಳ ಹಂಗಿಲ್ಲದೆ ಬರೆಯುತ್ತಾರೆ: ಕಂಡದ್ದಾ ಕೇಳಿದ್ದಾ